ಕಳೆಯೆಂದು ಕಿತ್ತ ತುಂಬೆ: ಹಿತ್ತಲ ಗಿಡವೊಂದರ ಇತಿಹಾಸ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹತ್ತಿರದಲ್ಲೇ ಸಿಗುವುದಕ್ಕೆ ಬೆಲೆಯಿಲ್ಲ ಎಂಬ ಅರ್ಥದಲ್ಲಿ ಇದನ್ನು ತರಗತಿಯಲ್ಲಿ ವಿವರಿಸುತ್ತೇವೆ. ಆದರೆ ಈಚಿನ ವರ್ಷಗಳಲ್ಲಿ ವಿವರಣೆಯೇ ಕಷ್ಟವಾಗುತ್ತಿದೆ. ಗಿಡದ ಮಾತಿರಲಿ, ಹಿತ್ತಲೆಂದರೇನು ಎಂದೇ ಮಕ್ಕಳು ಕೇಳುತ್ತಾರೆ. ನಂಜನಗೂಡಿನ ಹೊಸ ಬಡಾವಣೆಯಾಗಲಿ, ತಿ. ನರಸೀಪುರದ ಹಳೆಯ ಬೀದಿಯಾಗಲಿ, ಮನೆಯ ಸುತ್ತ ಗೇಣು ಮಣ್ಣು ಕಂಡರೂ ಅದಕ್ಕೆ ಸಿಮೆಂಟು ಬಳಿಸುವ ತನಕ ಮನೆಯವರಿಗೆ ಸಮಾಧಾನವಿಲ್ಲ. ಹೀಗೆ ಮುಚ್ಚಿಹೋದ ಮಣ್ಣಿನಡಿಯಲ್ಲಿ ಸೇರಿಕೊಂಡ ಗಿಡಗಳಲ್ಲಿ ಒಂದು ತುಂಬೆ. ಅದರ ಇತಿಹಾಸವನ್ನು ನಮ್ಮ ವಿದ್ಯಾರ್ಥಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ತಲೆಮಾರಿನವರಿಗೆ ತುಂಬೆಯನ್ನು ಪರಿಚಯಿಸಬೇಕಾಗಿಲ್ಲ. ಮೊಣಕಾಲೆತ್ತರ ಮೀರದ ಒರಟು ಗಿಡ. ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ಅದು ಗುಂಡಗಿಲ್ಲ, ನಾಲ್ಕು ಮೂಲೆಯಾಗಿದೆ ಎಂದು ತಿಳಿಯುತ್ತದೆ. ತುಳಸಿ, ಪುದೀನ, ಕಾಮಕಸ್ತೂರಿಗಳ ಬಂಧು ಇದು. ಎಲೆ ಕಿರಿದು, ಉದ್ದ, ಉಜ್ಜಿದರೆ ಘಾಟು. ಗೆಣ್ಣು ಗೆಣ್ಣಿಗೆ ಹಸಿರು ಮುಳ್ಳುಂಡೆಯಂಥ ಒಂದು ಗುಂಡು, ಅದರೊಳಗಿನಿಂದ ಸುತ್ತಲೂ ಇಣುಕುವ ಅಚ್ಚ ಬಿಳಿ ಹೂ. ಹೂವನ್ನು ಮೆಲ್ಲಗೆ ಎಳೆದು ಅದರ ಬುಡವನ್ನು ಹೀರಿದರೆ ನಾಲಿಗೆಯ ತುದಿಗೆ ಒಂದಿಷ್ಟು ಸಿಹಿ. ಶಾಲೆಯಿಂದ ಬರುವ ದಾರಿಯಲ್ಲಿ ಈ ಸಿಹಿಗಾಗಿ ಜಗಳವಾಡಿದವರು ನಮ್ಮ ಸಂಘದ ಸದಸ್ಯರಲ್ಲೂ ಬೇಕಾದಷ್ಟು ಜನ ಇದ್ದಾರೆ. ಶೀತವಾದಾಗ ಕುದಿಯುವ ನೀರಿಗೆ ಇದರ ಸೊಪ್ಪು ಹಾಕಿ, ಕಂಬಳಿ ಹೊದಿಸಿ ಆವಿ ಕೊಡುತ್ತಿದ್ದುದು ನಮ್ಮ ಮನೆಗಳಲ್ಲೂ ಇತ್ತು, ನೆರೆಯ ಮನೆಗಳಲ್ಲೂ ಇತ್ತು. ನಮ್ಮ ದಖನಿ ಮಾತಿನಲ್ಲಿ ಅದು ‘ತುಂಬೇ ಕಾ ಝಾಡ್’. ಉತ್ತರದ ಉರ್ದುವಿನಲ್ಲಿ ಇದಕ್ಕೆ ‘ಗೂಮಾ’ ಎಂಬ ಬೇರೆ ಹೆಸರಿದ್ದರೂ ನಮ್ಮ ಅಜ್ಜಿಯರ ಬಾಯಲ್ಲಿ ಅದು ಬಂದಿದ್ದಿಲ್ಲ. ಗಿಡ ಈ ಮಣ್ಣಿನದು, ಹೆಸರೂ ಈ ಮಣ್ಣಿನದೇ ಇರಲಿ ಎಂದು ಅವರು ಇಟ್ಟುಕೊಂಡರೇನೋ.

ಇಲ್ಲಿ ಭಾಷಾ ಶಿಕ್ಷಕನಾಗಿ ಒಂದು ಮಾತು. ಬೇಡದ ಗಿಡವನ್ನು ಕನ್ನಡದಲ್ಲಿ ‘ಕಳೆ’ ಎನ್ನುತ್ತೇವೆ. ಕಳೆಯಬೇಕಾದದ್ದು, ತೆಗೆದುಹಾಕಬೇಕಾದದ್ದು ಕಳೆ. ಮುಖದ ಕಾಂತಿಗೂ ಕಳೆ ಎಂದೇ ಹೇಳುತ್ತೇವೆ. ಅದು ಸಂಸ್ಕೃತದ ಕಲಾ ಶಬ್ದದಿಂದ ಬಂದದ್ದು. ಎರಡಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಒಂದು. ಉರ್ದುವಿನಲ್ಲಿ ಇಂಥ ಗಿಡಕ್ಕೆ ‘ಖುದ್‌ರೌ’ ಎನ್ನುತ್ತಾರೆ. ತಾನಾಗಿ ಬೆಳೆದದ್ದು ಎಂದು ಅರ್ಥ. ಕನ್ನಡದ ಪದ ರೈತನ ಕಡೆಯಿಂದ ನೋಡುತ್ತದೆ, ಉರ್ದುವಿನ ಪದ ಗಿಡದ ಕಡೆಯಿಂದ ನೋಡುತ್ತದೆ. ಎರಡು ನೋಟವೂ ಸರಿಯೇ. ರಾಗಿ ಹೊಲದಲ್ಲಿ ತುಂಬೆ ಕಳೆ, ಹೊಲದ ಬದುವಿನಲ್ಲಿ ಅದೇ ತುಂಬೆ ಮದ್ದು.

ನಮ್ಮ ಸೀಮೆಯಲ್ಲಿ ಬೇಸಾಯಕ್ಕೆ ಬಹು ದೊಡ್ಡ ವಯಸ್ಸಿದೆ. ತಿ. ನರಸೀಪುರದಲ್ಲಿ ಕಾವೇರಿ ಕಬಿನಿಗಳು ಕೂಡುವಲ್ಲಿ ನವಶಿಲಾಯುಗದ ಜನರ ನೆಲೆಯಿತ್ತು. ಎಂ. ಶೇಷಾದ್ರಿಯವರು ಅಲ್ಲಿ ನಡೆಸಿದ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ನೆಲವನ್ನು ಕೆದಕಿ ಬಿತ್ತುವವನು ಎಲ್ಲಿ ಬಂದನೋ ಅಲ್ಲಿಗೆ ಕೆದಕಿದ ನೆಲವನ್ನೇ ಬಯಸುವ ಗಿಡಗಳೂ ಬರುತ್ತವೆ. ಕಾಡಿನ ನೆರಳು ಅವಕ್ಕೆ ಆಗದು. ತುಂಬೆ ಆ ಜಾತಿಯದು. ಉತ್ತ ಹೊಲ, ಬೀಳು, ಹಾದಿಯ ಅಂಚು, ಮನೆಯ ಹಿತ್ತಲು ಅದರ ವಾಸ. ಮನುಷ್ಯ ಬಿತ್ತದೆ ಇದ್ದರೂ ಮನುಷ್ಯನ ಜೊತೆಯಲ್ಲೇ ಬದುಕಿದ ಗಿಡ ಇದು.

ಅದಕ್ಕೇ ಇದರ ಹೆಸರು ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ. ಪ್ರಾಚೀನ ತಮಿಳಿನ ಲಕ್ಷಣಗ್ರಂಥವಾದ ತೊಲ್ಕಾಪ್ಪಿಯಂ ಯುದ್ಧದ ಒಂದೊಂದು ಹಂತಕ್ಕೆ ಒಂದೊಂದು ಹೂವಿನ ಅಥವಾ ಬಳ್ಳಿಯ ಹೆಸರಿಡುತ್ತದೆ. ಇಬ್ಬರು ಅರಸರು ಬಯಲಿನಲ್ಲಿ ಎದುರುಬದುರಾಗಿ ಕಾದುವ ಹಂತದ ಹೆಸರು ‘ತುಂಬೈ’. ವೀರರು ಮುಡಿಗೆ ತುಂಬೆ ಹೂ ಕಟ್ಟಿಕೊಂಡು ಕಣಕ್ಕೆ ಇಳಿಯುತ್ತಿದ್ದರು. ಎಷ್ಟೋ ಸುಂದರವಾದ ಹೂಗಳಿರುವಾಗ ಕಾಲಡಿಯ ಈ ಸಣ್ಣ ಹೂವನ್ನೇ ಏಕೆ ಆರಿಸಿದರೋ! ಸಂಸ್ಕೃತದಲ್ಲಿ ಇದು ದ್ರೋಣಪುಷ್ಪಿ. ದ್ರೋಣವೆಂದರೆ ಬಟ್ಟಲಿನಂಥ ಪಾತ್ರೆ. ಊಟದ ‘ದೊನ್ನೆ’ಯೂ, ಉರ್ದು ಹಿಂದಿಗಳ ‘ದೋನಾ’ ಕೂಡ ಅದೇ ಮೂಲದ ಮಾತುಗಳು. ಕೇರಳದವರಿಗೆ ಓಣಂ ಹಬ್ಬದ ಹೂವಿನ ರಂಗೋಲಿಗೆ ತುಂಬೆ ಬೇಕೇ ಬೇಕು.

ನಂಜನಗೂಡಿಗೆ ಬಂದರೆ ತುಂಬೆ ಶಿವನಿಗೆ ಪ್ರಿಯವಾದ ಹೂ. ನಂಜುಂಡನೆಂದರೆ ವಿಷ ಕುಡಿದವನು. ನಂಜಿಗೆ ಮದ್ದು ಎಂದು ಜನ ನಂಬಿದ ಹೂ ನಂಜುಂಡನ ಊರಿನಲ್ಲಿ ಪೂಜೆಗೆ ಸಲ್ಲುವುದರಲ್ಲಿ ಒಂದು ಹೊಂದಾಣಿಕೆಯಿದೆ. ಈ ಊರಿಗೆ ವೈದ್ಯದ ಹೆಸರು ಹಳೆಯದು. ಟಿಪ್ಪು ಸುಲ್ತಾನರ ಆನೆಯೊಂದರ ಕಣ್ಣು ಇಲ್ಲಿನ ಹರಕೆಯಿಂದ ಗುಣವಾಯಿತೆಂದೂ, ಅದಕ್ಕಾಗಿ ಅವರು ದೇವಾಲಯಕ್ಕೆ ಪಚ್ಚೆ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದರೆಂದೂ ಸ್ಥಳೀಯ ಐತಿಹ್ಯ. ವೈದ್ಯನಿಗೆ ಅರಬ್ಬಿ ಮೂಲದ ಪದ, ದೇವರಿಗೆ ಕನ್ನಡದ ಹೆಸರು. ಎರಡು ಸೇರಿ ಒಂದು ಬಿರುದು. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆ ನಂಜನಗೂಡು ಹಲ್ಲುಪುಡಿಯ ಮೂಲಕ ಊರಿನ ಹೆಸರನ್ನು ನಾಡಿನ ಮನೆಮನೆಗೂ ಒಯ್ದಿತು.

ಗಿಡದ ಹೆಸರು ಯುರೋಪಿಗೆ ಮುಟ್ಟಿದ ಕಥೆ ಸ್ವಾರಸ್ಯವಾಗಿದೆ. ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಗಿಡಮೂಲಿಕೆಗಳನ್ನು ಚಿತ್ರಸಮೇತ ದಾಖಲಿಸಿ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಸಿದ್ಧಪಡಿಸಿದ. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂತು. ‘ತುಂಬ’ ಎಂಬ ಹೆಸರೂ ಅದರಲ್ಲಿದೆ. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಆ ಗ್ರಂಥದ ಚಿತ್ರಗಳ ಮೇಲೆ ಗಿಡದ ಹೆಸರನ್ನು ರೋಮನ್ ಲಿಪಿಯ ಜೊತೆಗೆ ಮಲಯಾಳ ಮತ್ತು ಅರಬ್ಬಿ ಲಿಪಿಗಳಲ್ಲೂ ಕೆತ್ತಿದ್ದಾರೆ. ಅಂದಿನ ಮಲಬಾರಿನಲ್ಲಿ ಅರಬ್ಬಿ ಅಕ್ಷರ ಓದುವವರು ಅಷ್ಟು ಮುಖ್ಯರಾಗಿದ್ದರು. ಲ್ಯಾಟಿನ್ ಭಾಷೆಯಲ್ಲೇ ಉಳಿದಿದ್ದ ಈ ಗ್ರಂಥವನ್ನು ಸಸ್ಯಶಾಸ್ತ್ರಜ್ಞ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಇಂಗ್ಲಿಷಿಗೂ ಮಲಯಾಳಕ್ಕೂ ತಂದರು; ಇಂಗ್ಲಿಷ್ ಅನುವಾದ 2003ರಲ್ಲಿ ಪ್ರಕಟವಾಯಿತು.

ಹಾದಿಬದಿಯ ಗಿಡವನ್ನು ಬರೆದಿಡುವ ಈ ಕೆಲಸಕ್ಕೆ ಇನ್ನೂ ಹಳೆಯ ಪರಂಪರೆಯಿದೆ. ಸ್ಪೇನಿನ ಮಾಲಗದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಅಲ್ ಬೈತಾರ್ ಊರೂರು ಅಲೆದು ಸುಮಾರು 1,400 ಗಿಡಮೂಲಿಕೆ, ಆಹಾರ, ಔಷಧಗಳನ್ನು ಅರಬ್ಬಿಯಲ್ಲಿ ದಾಖಲಿಸಿದರು. ಅವರು ನೋಡಿದ ಗಿಡಗಳಲ್ಲಿ ಅರಮನೆಯ ತೋಟದವು ಎಷ್ಟು, ಬೇಲಿಯ ಬುಡದವು ಎಷ್ಟು ಎಂದು ಲೆಕ್ಕ ಹಾಕಿದರೆ ಎರಡನೆಯದೇ ಹೆಚ್ಚಿದ್ದೀತು.

ಅರಮನೆಯ ತೋಟವೆಂದಾಗ ಲಾಲ್‌ಬಾಗ್ ನೆನಪಾಗದೆ ಇರದು. 1760ರಲ್ಲಿ ಹೈದರ್ ಅಲಿಯವರು ಬೆಂಗಳೂರಿನಲ್ಲಿ ಆರಂಭಿಸಿದ ಆ ತೋಟವನ್ನು ಟಿಪ್ಪು ಸುಲ್ತಾನರು ಬೆಳೆಸಿದರು, ದೂರದೇಶಗಳಿಂದ ಗಿಡ ತರಿಸಿದರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜನಜೀವನಗಳನ್ನು ಬರೆದುಕೊಂಡ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬೆಂಗಳೂರಿನ ಸುಲ್ತಾನರ ತೋಟ ಚೌಕ ಚೌಕವಾಗಿದ್ದು, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಇದ್ದುದನ್ನು ಅವನು ವರ್ಣಿಸುತ್ತಾನೆ. ನರಸೀಪುರ, ನಂಜನಗೂಡುಗಳ ದಾರಿಯಲ್ಲೂ ಅವನು ಹಾದುಹೋದ. ರೈತರು ಎಷ್ಟು ಸಲ ಉಳುತ್ತಾರೆ, ಕುಂಟೆ ಹೊಡೆದು ಕಳೆಯನ್ನು ಹೇಗೆ ತೆಗೆಯುತ್ತಾರೆ ಎಂಬುದು ಅವನ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಕಂದಾಯ ತರುವ ಬೆಳೆಯ ಮೇಲೆ ಕಂಪನಿಗೆ ಕಣ್ಣಿದ್ದುದರಿಂದ ಇದು ಸಹಜ. ಗುಲಾಬಿಯ ಚೌಕದಲ್ಲಿ ಒಂದು ತುಂಬೆ ಎದ್ದಿದ್ದರೆ ಮಾಲಿ ಅದನ್ನು ಕಿತ್ತೇ ಕಿತ್ತಿರುತ್ತಾನೆ. ಆದರೆ ಆ ಕಾಲದಲ್ಲಿ ತೋಟದ ಗೋಡೆಯಾಚೆ ಅದಕ್ಕೆ ಇಡೀ ಸೀಮೆಯೇ ಇತ್ತು ಎಂಬುದನ್ನು ಮರೆಯಬಾರದು.

ಅದೇ ಸುಮಾರಿನಲ್ಲಿ ಬರ್ಲಿನ್ನಿನ ವಿಲ್ಡೆನೋ 1809ರಲ್ಲಿ ನಮ್ಮ ತುಂಬೆಗೆ ‘ಫ್ಲೋಮಿಸ್ ಆಸ್ಪೆರ’ ಎಂದು ಶಾಸ್ತ್ರೀಯ ಹೆಸರಿಟ್ಟ. 1822ರಲ್ಲಿ ಲಿಂಕ್ ಎಂಬಾತ ಅದನ್ನು ‘ಲ್ಯೂಕಸ್ ಆಸ್ಪೆರ’ ಎಂದು ಬದಲಿಸಿದ. ಗ್ರೀಕಿನಲ್ಲಿ ಲ್ಯೂಕೋಸ್ ಎಂದರೆ ಬಿಳಿ, ಲ್ಯಾಟಿನ್ನಿನಲ್ಲಿ ಆಸ್ಪೆರ್ ಎಂದರೆ ಒರಟು. ಬಿಳಿಯ ಹೂ, ಒರಟು ಮೈ. ಹೆಸರಿನಲ್ಲೇ ಗಿಡದ ಚಿತ್ರವಿದೆ.

ಮೈಸೂರಿನ ಗಿಡಗಳನ್ನು ಮೈಸೂರಿನವರೇ ಪಟ್ಟಿಮಾಡುವ ಕಾಲ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಈ ಸಂದರ್ಭದಲ್ಲಿ ಸಸ್ಯಶಾಸ್ತ್ರಜ್ಞ ಬಿ.ಎ. ರಜಿಯವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಮೈಸೂರು ಸೀಮೆಯ ಹೂಗಿಡಗಳ ಬೀಜಗಳು ಹೇಗೆ ಹರಡುತ್ತವೆ ಎಂಬ ಅವರ ಲೇಖನ 1950ರಲ್ಲಿ ಅಮೆರಿಕದ ‘ಇಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರ್. ರಾಘವೇಂದ್ರ ರಾವ್ ಅವರೊಡನೆ ಸೇರಿ ಅವರು ಬರೆದ ಮೈಸೂರು ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥ 1981ರಲ್ಲಿ ಹೊರಬಂತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಆ ಕಾಲದ ಮೈಸೂರು ಜಿಲ್ಲೆಯೆಂದರೆ ಈಗಿನ ಎರಡು ಜಿಲ್ಲೆ. ಇಂಥ ಗ್ರಂಥಗಳಲ್ಲಿ ಗಂಧದ ಮರಕ್ಕೆ ಹೆಚ್ಚು ಗೌರವ, ಬೇಲಿಯ ಹಂಬಿಗೆ ಕಡಿಮೆ ಗೌರವ ಎಂಬುದಿಲ್ಲ. ಪ್ರತಿಯೊಂದಕ್ಕೂ ಹೆಸರು, ಲಕ್ಷಣ, ಸಿಗುವ ಜಾಗ. ವೈದ್ಯಕೀಯ, ಇಂಜಿನಿಯರಿಂಗ್ ಎರಡನ್ನೇ ವಿಜ್ಞಾನವೆಂದು ತಿಳಿದಿರುವ ನಮ್ಮ ಪೋಷಕರು ಒಮ್ಮೆ ಇದನ್ನು ತೆರೆದು ನೋಡಬೇಕು ಎನಿಸುತ್ತದೆ.

ತುಂಬೆಯ ಹೆಸರು ಆಕಾಶಕ್ಕೂ ಏರಿದೆ. ತಿರುವನಂತಪುರದ ಬಳಿಯ ಕಡಲತೀರದ ಹಳ್ಳಿ ತುಂಬ. ಈ ಗಿಡದಿಂದಲೇ ಆ ಹೆಸರು ಬಂತೆಂದು ಹೇಳುತ್ತಾರೆ. ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರವೆಂದು ಆ ಜಾಗವನ್ನು ಆರಿಸಿಕೊಂಡು, 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿಸಿದರು. ಮೀನುಗಾರರ ಹಳೆಯ ಚರ್ಚೇ ಮೊದಲ ಕಚೇರಿ. ಆ ತಂಡದಲ್ಲಿದ್ದ ಯುವ ಇಂಜಿನಿಯರ್ ಒಬ್ಬರು ಮುಂದೆ ರಾಷ್ಟ್ರಪತಿಗಳಾದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ನಮ್ಮ ರಾಜ್ಯದಲ್ಲೂ ಬಂಟ್ವಾಳದ ಬಳಿ ತುಂಬೆ ಎಂಬ ಊರಿದೆ. ಅಲ್ಲಿನ ನೇತ್ರಾವತಿಯ ಅಣೆಕಟ್ಟೆಯಿಂದ ಮಂಗಳೂರಿಗೆ ಕುಡಿಯುವ ನೀರು ಹೋಗುತ್ತದೆ.

ಇಷ್ಟೆಲ್ಲ ಇತಿಹಾಸವಿರುವ ಗಿಡ ನಮ್ಮ ಎರಡು ತಾಲ್ಲೂಕುಗಳಲ್ಲಿ ಈಗ ಹುಡುಕಿದರೆ ಮಾತ್ರ ಸಿಗುವ ಸ್ಥಿತಿಗೆ ಬರುತ್ತಿರುವುದೇಕೆ? ಒಂದು ಕಾರಣ ನೀರು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನಾಲೆಯ ನೀರು ಬಂದ ಕಡೆ ರಾಗಿ, ಹುರುಳಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ರೈತನಿಗೆ ಅದು ಬದುಕು, ಅದನ್ನು ದೂರುವಂತಿಲ್ಲ. ನಿಂತ ನೀರು ಮಾತ್ರ ತುಂಬೆಗೆ ಒಗ್ಗದು. ಬದುಗಳ ಮೇಲೆ ಉಳಿದಿದ್ದದ್ದು ಕಳೆನಾಶಕದ ಸಿಂಪಡಣೆಗೆ ಸಿಕ್ಕಿತು.

ಇನ್ನೊಂದು ಕಾರಣ ಪಾರ್ಥೇನಿಯಂ. ನಮ್ಮ ಕಡೆ ಎಲ್ಲರೂ ‘ಕಾಂಗ್ರೆಸ್ ಗಿಡ’ ಎನ್ನುವುದು ಇದನ್ನೇ. ಮೂಲ ಅಮೆರಿಕ ಖಂಡ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಆಮದು ಗೋಧಿಯ ಜೊತೆ ಬಂತೆಂಬುದು ಸಾಮಾನ್ಯ ನಂಬಿಕೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೈ ತುರಿಕೆ, ಉಬ್ಬಸ ತರುತ್ತದೆ. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಅಲ್ಲಲ್ಲಿ ಕೆಲಸ ಮಾಡುತ್ತದೆ, ಆದರೆ ಗಿಡ ಹೋಗಿಲ್ಲ. ತುಂಬೆಯ ಜಾಗವನ್ನೆಲ್ಲ ಹಿಡಿದದ್ದಲ್ಲದೆ ಇನ್ನೊಂದು ಅನ್ಯಾಯವನ್ನೂ ಇದು ಮಾಡಿದೆ. ಇದರ ಹೂವೂ ಬಿಳಿ! ಶಾಲೆಗಳಲ್ಲಿ ಸ್ವಚ್ಛತಾ ದಿನದಂದು ‘ಬಿಳಿ ಹೂವಿನ ಗಿಡ ಕೀಳಿ’ ಎಂದರೆ ಮಕ್ಕಳು ಉತ್ಸಾಹದಿಂದ ಎರಡನ್ನೂ ಕೀಳುತ್ತಾರೆ. ಒಂದು ಸಲ ರಾಶಿ ಬಿದ್ದ ಗಿಡಗಳನ್ನು ಬೇರ್ಪಡಿಸಲು ಹೇಳಿದಾಗ ಎಂಟನೆಯ ತರಗತಿಯ ನಲವತ್ತು ಮಕ್ಕಳಲ್ಲಿ ತುಂಬೆಯ ಹೆಸರು ಹೇಳಿದವರು ಇಬ್ಬರು; ಇಬ್ಬರೂ ಹಳ್ಳಿಯಿಂದ ಬರುವವರು. ಗುರುತು ಕಷ್ಟವೇನಲ್ಲ. ಕಾಂಗ್ರೆಸ್ ಗಿಡದ ಎಲೆ ಕ್ಯಾರೆಟ್ ಎಲೆಯಂತೆ ಸೀಳುಸೀಳು, ಹೂ ಟೊಂಗೆಯ ತುದಿಯಲ್ಲಿ ಚದುರಿದ ಸಣ್ಣ ಚುಕ್ಕಿಗಳು. ತುಂಬೆಯ ಎಲೆ ಇಡಿಯಾದದ್ದು, ಹೂ ಗೆಣ್ಣಿನ ಗುಂಡಿನಲ್ಲಿ, ಕಾಂಡ ನಾಲ್ಕು ಮೂಲೆ.

ಮದ್ದಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಹಾವು, ಚೇಳು ಕಡಿದರೆ ತುಂಬೆಯ ರಸ ಹಿಂಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿದೆ. ಚೇಳಿನ ಉರಿಗೆ ಯಾರಿಗಾದರೂ ಸಮಾಧಾನವಾಗಿರಬಹುದು. ಹಾವಿಗೆ ಮಾತ್ರ ಇದನ್ನು ನಂಬಿ ಕೂರುವುದು ಪ್ರಾಣಕ್ಕೆ ಸಂಚಕಾರ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಬಹುಪಾಲು ಹಳ್ಳಿಯವರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದೇ ಚಿಕಿತ್ಸೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸೊಪ್ಪು ಹುಡುಕುವ ಅರ್ಧ ಗಂಟೆಯಲ್ಲಿ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಬಹುದು. ತುಂಬೆಯನ್ನು ಪ್ರೀತಿಸುವವರೇ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು.

ಇನ್ನು ಮನೆಯಲ್ಲಿ ಬೆಳೆಸುವ ಬಗೆ. ನಾನು ನಾಲ್ಕು ವರ್ಷದಿಂದ ಕಾಂಪೌಂಡಿನ ಪಕ್ಕ ಆರಡಿ ಉದ್ದದ ಮಣ್ಣನ್ನು ಇದಕ್ಕಾಗಿ ಬಿಟ್ಟಿದ್ದೇನೆ. ಮೊದಲ ವರ್ಷ ದಾರಿಹೋಕರು, “ಏನ್ ಮೇಷ್ಟ್ರೇ, ಕಳೆ ಕೀಳೋಕೆ ಆಳು ಸಿಗಲಿಲ್ವಾ?” ಎಂದು ಕೇಳುತ್ತಿದ್ದರು. ಮನೆಯಾಕೆಗೂ ಸಂಕೋಚವಾಗುತ್ತಿತ್ತು. ಸುತ್ತ ಒಂದು ಸಾಲು ಇಟ್ಟಿಗೆ ಜೋಡಿಸಿದ ಮೇಲೆ ಕೇಳುವುದು ನಿಂತಿತು. ಇಟ್ಟಿಗೆ ಕಂಡರೆ ಸಾಕು, ಜನರಿಗೆ ಒಳಗಿರುವುದು ತೋಟವೆನಿಸುತ್ತದೆ.

ತುಂಬೆ ಒಂದು ವರ್ಷದ ಗಿಡ. ಮಳೆಗೆ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಗುಂಡುಗಳು ಕಂದಾದಾಗ ಕತ್ತರಿಸಿ, ಕಾಗದದ ಮೇಲೆ ಉಜ್ಜಿದರೆ ಸಣ್ಣ ಕಪ್ಪುಗಂದು ಬೀಜ ಬೀಳುತ್ತದೆ. ಒಂದೊಂದು ಹೂವಿನ ಬುಡದಲ್ಲಿ ನಾಲ್ಕು. ಇವನ್ನು ಕಾಗದದ ಪೊಟ್ಟಣದಲ್ಲಿ ಇಡಬೇಕು; ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸ್ಟು ಬರುತ್ತದೆ. ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವದ ಮಳೆಗೆ ಮೊದಲು ಬಿಸಿಲು ಬೀಳುವ ಜಾಗದಲ್ಲಿ ಮಣ್ಣನ್ನು ತುಸು ಕೆದಕಿ ಬೀಜ ಚೆಲ್ಲಿ, ಅಂಗೈಯಿಂದ ಒತ್ತಿದರೆ ಸಾಕು. ಆಳಕ್ಕೆ ಹೂಳಬಾರದು. ಗೊಬ್ಬರ ಬೇಡ, ಹಾಕಿದರೆ ಸೊಪ್ಪು ಸೊಕ್ಕಿ ಹೂ ಕಡಿಮೆಯಾಗುತ್ತದೆ. ದಿನವೂ ನೀರು ಸುರಿದರೆ ಬುಡ ಕೊಳೆಯುತ್ತದೆ. ಮಣ್ಣೇ ಇಲ್ಲದವರಿಗೆ ತಾರಸಿಯ ಮೇಲಿನ ಹಳೆಯ ಬಕೆಟ್ಟು ಸಾಕು, ತಳದಲ್ಲಿ ತೂತಿರಬೇಕು ಅಷ್ಟೆ. ಎಲ್ಲ ಗುಂಡುಗಳನ್ನೂ ಕೊಯ್ಯದೆ ನಾಲ್ಕಾರು ಗಿಡವನ್ನು ಹಾಗೆಯೇ ಬಿಟ್ಟರೆ ಮರುವರ್ಷ ಬಿತ್ತುವ ಕೆಲಸವೂ ಇಲ್ಲ.

ಹೂ ಬಿಟ್ಟ ಮೇಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹತ್ತು ನಿಮಿಷ ಸುಮ್ಮನೆ ಕೂತು ನೋಡಬೇಕು. ಹೂವಿನ ಕೆಳತುಟಿ ಜಗಲಿಯಂತೆ ಚಾಚಿರುತ್ತದೆ, ಮೇಲ್ತುಟಿ ನವಿರಾದ ರೋಮವಿರುವ ಟೋಪಿ. ಜೇನು ಜಗಲಿಯ ಮೇಲೆ ಇಳಿದು ತಲೆ ಒಳಗೆ ತೂರಿಸಿದಾಗ ಟೋಪಿಯೊಳಗಿನ ಪರಾಗ ಅದರ ಬೆನ್ನಿಗೆ ಬಳಿಯುತ್ತದೆ. ಪುಸ್ತಕದ ಪರಾಗಸ್ಪರ್ಶದ ಪಾಠ ನಮ್ಮ ಶಾಲೆಯ ಮಕ್ಕಳಿಗೆ ಅರ್ಥವಾದದ್ದು ಇದನ್ನು ನೋಡಿದ ಮೇಲೆ. ಕಾರ್ತಿಕದ ಸೋಮವಾರಗಳಂದು ನಮ್ಮ ಬೀದಿಯ ಅಜ್ಜಿಯೊಬ್ಬರು ಪೂಜೆಗೆ ಹೂ ಬಿಡಿಸಿಕೊಳ್ಳಲು ಬರುತ್ತಾರೆ. “ನಿಮ್ಮನೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ ಕಣಪ್ಪ” ಎನ್ನುತ್ತಾರೆ. ಆಕೆಯ ಬುಟ್ಟಿ ತುಂಬಲು ನೂರಾರು ಹೂ ಬೇಕು, ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಜೇನುಗಳು ಆಕೆಯ ಕೈಯ ಸುತ್ತಲೇ ಇರುತ್ತವೆ.

ಕಳೆದ ಜನವರಿಯಲ್ಲಿ ಮಕ್ಕಳು ಒಣಗಿದ ಗುಂಡುಗಳನ್ನು ಉಜ್ಜಿ ಬೀಜ ತೆಗೆದು ಹಳೆಯ ನೋಟ್‌ಬುಕ್ ಹಾಳೆಗಳಲ್ಲಿ ಅರವತ್ತು ಪೊಟ್ಟಣ ಕಟ್ಟಿದರು. ಮೇಲೆ ಕನ್ನಡ ಲಿಪಿಯಲ್ಲಿ ತುಂಬೆ, ಉರ್ದು ಲಿಪಿಯಲ್ಲಿ ಗೂಮಾ ಎಂದು ಬರೆದಿದ್ದಾರೆ. ಕೆಲವು ಪೊಟ್ಟಣಗಳ ಮೇಲೆ ಉರ್ದು ಅಕ್ಷರದಲ್ಲೂ ತುಂಬೆ ಎಂದೇ ಇದೆ, ತಿದ್ದಲು ಹೋಗಲಿಲ್ಲ. ಬೇಕಾದ ಸದಸ್ಯರು ಏಪ್ರಿಲ್ ತಿಂಗಳೊಳಗೆ ಕೇಳಿ ಪಡೆಯಬಹುದು.